ಎರಡು ಮುಳುಗಡೆಗಳು ಮತ್ತು ಒಂದು ನೆನಪು

ನದಿದಂಡೆಯ ಊರುಗಳ ಗತವನ್ನು ಪತ್ರ, ಛಾಯಾಚಿತ್ರ ಮತ್ತು ಮೌಖಿಕ ಇತಿಹಾಸಗಳ ನೆರವಿನಿಂದ ಕಟ್ಟಿಕೊಳ್ಳುವ ಬಗೆಯನ್ನು ಚರ್ಚಿಸಲು ಸೇರಿರುವ ಈ ವಿಚಾರಸಂಕಿರಣಕ್ಕೆ ಶರಾವತಿ ಕಣಿವೆಗಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ. ಏಕೆಂದರೆ ಈ ಕಣಿವೆ ಎರಡು ಸಲ ಮುಳುಗಿತು. 1948ರಲ್ಲಿ ಪೂರ್ಣಗೊಂಡ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ಮೊದಲ ಮುಳುಗಡೆಯನ್ನು ತಂದಿತು. 1964ರ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಮತ್ತಷ್ಟು ಹಳ್ಳಿಗಳ ಜೊತೆಗೆ ಆ ಹಳೆಯ ಅಣೆಕಟ್ಟೆಯನ್ನೂ ಒಳಗೆ ಹಾಕಿಕೊಂಡಿತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ಇಂದಿಗೂ ಮೇಲೆದ್ದು ಕಾಣುತ್ತದೆ.

ಇಂಥ ವಿಷಯವನ್ನು ಆರಿಸಿಕೊಂಡ ಆಯೋಜಕರಿಗೆ ಮೊದಲಿಗೆ ಕೃತಜ್ಞತೆ ಸಲ್ಲಬೇಕು. ಈ ಕ್ಷೇತ್ರದಲ್ಲಿ ಆಗಿರುವ ಕೆಲಸವನ್ನು ಈ ಸಭೆಗೆ ವಿವರಿಸಬೇಕಾದ ಅಗತ್ಯವಿಲ್ಲ: ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಇಲ್ಲಿರುವವರೆಲ್ಲ ಓದಿದ್ದಾರೆ. ಕೆಳದಿಯ ವಸ್ತುಸಂಗ್ರಹಾಲಯ ಓಲೆಗರಿ, ಕಡತಗಳನ್ನು ಕಾಪಾಡಿಕೊಂಡು ಬಂದಿರುವುದೂ, ದೀವರ ಹೆಣ್ಣುಮಕ್ಕಳ ಹಾಡು ಮತ್ತು ಹಸೆ ಚಿತ್ತಾರಗಳನ್ನು ಮುಂದಿನ ಸಾಲಿನಲ್ಲಿ ಕುಳಿತಿರುವ ವಿದ್ವಾಂಸರು ದಾಖಲಿಸಿರುವುದೂ ತಿಳಿದ ಸಂಗತಿಗಳೇ. ಆದರೂ ಈ ಶ್ರಮದ ನಡುವೆ ಒಂದು ದಾರಿ ತಪ್ಪಿದೆ. ಪತ್ರ ಪತ್ರಾಗಾರಕ್ಕೆ, ಛಾಯಾಚಿತ್ರ ವಸ್ತುಸಂಗ್ರಹಾಲಯಕ್ಕೆ, ಮಾತು ಜಾನಪದ ವಿಭಾಗಕ್ಕೆ ಹಂಚಿಹೋಗಿ, ಕಾಗದ ಹೇಳಿದ್ದನ್ನು ಪ್ರಮಾಣವೆಂದೂ ಬಾಯಿ ಹೇಳಿದ್ದನ್ನು ಆ ಪ್ರಮಾಣಕ್ಕೆ ಹೊಂದಿಸಿ ತಿದ್ದಬೇಕಾದ ಪುರವಣಿಯೆಂದೂ ಎಣಿಸುವ ಅಭ್ಯಾಸ ಗಟ್ಟಿಯಾಗಿದೆ.

ಕಾಗದ ಯಾರ ಮನೆಯಲ್ಲಿತ್ತು ಎಂಬುದನ್ನು ನೋಡಿದರೆ ಈ ಅಭ್ಯಾಸದ ಅನ್ಯಾಯ ತಿಳಿಯುತ್ತದೆ. ಗೇಣಿ, ಅಂದರೆ ಸಾಗುವಳಿದಾರನು ಭೂಮಾಲೀಕನಿಗೆ ಅಳೆಯಬೇಕಾದ ಫಸಲಿನ ಪಾಲು, ಅದರ ಪ್ರಶ್ನೆಯನ್ನೆತ್ತಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಕಣಿವೆಯ ಸಾಗರ ತಾಲ್ಲೂಕಿನಲ್ಲಿ; ಉತ್ತವರ ಹೆಸರು ಬಹುಮಟ್ಟಿಗೆ ಕಾಗದಕ್ಕೆ ಏರದಿದ್ದ ಕಾಲ ಅದು. ಆ ಕಾಲದ ಒಂದು ಕುಟುಂಬದ ಛಾಯಾಚಿತ್ರವನ್ನು ಗಮನಿಸಬಹುದು: ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತ ಯಜಮಾನರು, ಹಿಂದೆ ನಿಂತ ಸೊಸೆಯಂದಿರು, ಚಪ್ಪರದ ಕಂಬಕ್ಕೆ ಒರಗಿ ಅರ್ಧ ಮಾತ್ರ ಚೌಕಟ್ಟಿನೊಳಗೆ ಬಂದಿರುವ, ಅಡಿಕೆ ಹಾಳೆಯ ಟೊಪ್ಪಿ ತೊಟ್ಟ ಆಳು. ಚಿತ್ರದ ಬೆನ್ನಿಗೆ ಶಾಯಿಯಲ್ಲಿ ಎಲ್ಲರ ಹೆಸರೂ ಇದೆ, ಅವನದೊಂದನ್ನು ಬಿಟ್ಟು. ಅದೇ ಮನೆಯಿಂದ ಹೊರಟ ಇನ್‌ಲ್ಯಾಂಡ್ ಪತ್ರ ಕ್ಷೇಮಸಮಾಚಾರದ ನಂತರ ಅಡಿಕೆಯ ಧಾರಣೆಯನ್ನೂ, ಹೊಸ ಜಾಗದಲ್ಲಿ ತೋಟಕ್ಕೆ ನೀರಿದೆಯೇ ಎಂಬ ಚಿಂತೆಯನ್ನೂ ತಿಳಿಸುತ್ತದೆಯೇ ಹೊರತು, ತೋಟ ಮುಳುಗಿದ ಮೇಲೆ ಆ ಆಳು ಎಲ್ಲಿಗೆ ಹೋದನೆಂಬುದನ್ನು ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಪುನರ್ವಸತಿಯ ಊರುಗಳಲ್ಲಿ ಚದುರಿಹೋಗಿರುವ ಅವನ ಓರಗೆಯವರ ಮಕ್ಕಳು ಮಾತ್ರ, ಮತ್ತು ಅವರ ವಯಸ್ಸು ಸಂಶೋಧನೆಯ ಅನುದಾನಕ್ಕಾಗಿ ಕಾಯುವುದಿಲ್ಲ.

ಇಲ್ಲಿಯೇ ಬಹುಕಾಲದಿಂದ ಬಿಡಿಸಲಾಗದೆ ಉಳಿದ ಪ್ರಶ್ನೆಯೊಂದು ಎದುರಾಗುತ್ತದೆ. ಹಿನ್ನೀರಿನಂಚಿನ ಹಿರಿಯರು ಮಾತನಾಡುವಾಗ ಎರಡು ಮುಳುಗಡೆಗಳು ಹಲವು ಸಲ ಒಂದಾಗಿಬಿಡುತ್ತವೆ. ಅಂಥ ಒಂದು ಧ್ವನಿಮುದ್ರಣದಲ್ಲಿ ವೃದ್ಧೆಯೊಬ್ಬರು, ತಾಯಿಯ ಕೈ ಹಿಡಿದು ದನಗಳ ಹಿಂದೆ ಗುಡ್ಡ ಹತ್ತಿದ್ದನ್ನೂ, ತಮ್ಮ ಕೈಗೂಸನ್ನು ಎತ್ತಿಕೊಂಡು ಲಾರಿ ಏರಿದ್ದನ್ನೂ ಒಂದೇ ಸಂಜೆಯ ಘಟನೆಯೆಂಬಂತೆ ಹೇಳುತ್ತಾರೆ. ಸಂದರ್ಶಕನು ‘ಅಜ್ಜಿ, ಅದು ಯಾವ ಇಸವಿ?’ ಎಂದು ಕೇಳಿದಾಗ ‘ನೀರು ಬಂದ ವರ್ಷ, ತಮಾ’ ಎಂಬ ಉತ್ತರ ಬರುತ್ತದೆ. ಧ್ವನಿಯನ್ನು ಬರಹಕ್ಕೆ ಇಳಿಸುವ ಕೆಲಸ ಮುಗಿಯುವಷ್ಟರಲ್ಲಿ ಆ ಸಂಜೆ ಎರಡು ಕಂಡಿಕೆಗಳಾಗಿ ಒಡೆದು, ಒಂದರ ಮೇಲೆ 1948 ಎಂದೂ ಮತ್ತೊಂದರ ಮೇಲೆ 1964 ಎಂದೂ ಬರೆದಾಗಿರುತ್ತದೆ.

ಇಟಲಿಯ ಟೆರ್ನಿ ಪಟ್ಟಣದ ಕಾರ್ಮಿಕರನ್ನು ಮಾತನಾಡಿಸಿದ ಅಲೆಸ್ಸಾಂಡ್ರೊ ಪೋರ್ಟೆಲ್ಲಿ ಇಂಥದ್ದನ್ನೇ ಕಂಡರು. 1949ರ ಪ್ರತಿಭಟನೆಯಲ್ಲಿ ಪೊಲೀಸರಿಂದ ಹತನಾದ ಲುಯಿಜಿ ತ್ರಾಸ್ತುಲ್ಲಿಯ ಸಾವನ್ನು ಅನೇಕರು 1953ರ ಸಾಮೂಹಿಕ ಕೆಲಸ ಕಡಿತದ ಹೋರಾಟಕ್ಕೆ ಸೇರಿಸಿ ಹೇಳುತ್ತಿದ್ದರು. ಆ ತಪ್ಪು ಇಸವಿಯೇ ಸಮುದಾಯವು ತನ್ನ ಸೋಲಿಗೆ ಕೊಟ್ಟುಕೊಂಡ ಅರ್ಥದ ಸುಳಿವೆಂದು ಪೋರ್ಟೆಲ್ಲಿ ತೋರಿಸಿಕೊಟ್ಟರು. ಈ ವಿವರಣೆ ಶರಾವತಿಗೆ ಅರ್ಧದಷ್ಟು ಮಾತ್ರ ಒಪ್ಪುತ್ತದೆ. ಟೆರ್ನಿಯಲ್ಲಿ ನೆನಪು ಒಂದು ಸಾವನ್ನು ಅದರ ಕಾಲದಿಂದ ಸರಿಸಿತು. ಇಲ್ಲಿ ಒಂದೇ ಜೀವ ಎರಡು ಸಲ ಒಕ್ಕಲೆಬ್ಬಿಸಿಕೊಂಡಿರುವಾಗ, ಸೇರಿಹೋದದ್ದು ನೆನಪಿನಲ್ಲಿಯೋ ಬಾಳಿನಲ್ಲಿಯೋ ಎಂಬುದನ್ನು ಯಾವ ಕಡತವೂ ನಿರ್ಧರಿಸಲಾರದು. ಕಾಲಾನುಕ್ರಮ ಬೇಡವೆಂದು ಇದರ ಅರ್ಥವಲ್ಲ. ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿರುವ ಸಂತ್ರಸ್ತ ಕುಟುಂಬಗಳಿಗೆ ಸರಿಯಾದ ಇಸವಿ ಅನ್ನದಷ್ಟೇ ಅಗತ್ಯ. ಹಾಗಿರುವಾಗ, ಆ ವೃದ್ಧೆಯ ಮಾತನ್ನು ಹಕ್ಕಿನ ಅರ್ಜಿಗೆ ಸಾಕ್ಷಿಯಾಗಿ ಒಡೆದುಕೊಡಬೇಕೋ, ಇತಿಹಾಸಕ್ಕೆ ಇಡಿಯಾಗಿ ಉಳಿಸಬೇಕೋ, ಎರಡನ್ನೂ ಮಾಡುವುದಾದರೆ ಯಾವುದನ್ನು ಮೂಲಪ್ರತಿಯೆಂದು ಕರೆಯಬೇಕೋ ಎಂಬುದನ್ನು ಮುಂದಿನ ಗೋಷ್ಠಿಗಳ ವಿದ್ವಾಂಸರು ಹೇಳಬೇಕು.