ಕೆಂಪು ಟೋಪಿಯ ಹೆಣ್ಣುಮಕ್ಕಳು



ಊರಲ್ಲಿ ಪೊಲೀಸರು ಇರ್ತಾರೆ. ಅದು ನಮಗೆ ಗೊತ್ತು. ಸೈನ್ಯದ ಒಳಗೂ ಪೊಲೀಸರು ಇದ್ದಾರೆ. ಅವರಿಗೆ ಮಿಲಿಟರಿ ಪೊಲೀಸ್ ಅಂತ ಹೆಸರು. ಅವರ ತಲೆ ಮೇಲೆ ಕೆಂಪು ಟೋಪಿ ಇರುತ್ತೆ.

ಅವರ ಕೆಲಸ ಏನು? ಸೈನಿಕರು ಶಿಸ್ತು ತಪ್ಪದಂತೆ ನೋಡಿಕೊಳ್ಳೋದು. ಯುದ್ಧ ಬಂದಾಗ ಸೈನ್ಯದ ಲಾರಿಗಳಿಗೆ ದಾರಿ ತೋರಿಸೋದು. ಸೆರೆ ಸಿಕ್ಕ ಶತ್ರು ಸೈನಿಕರನ್ನು ಕಾಯೋದು.

ನಮ್ಮ ದೇಶದಲ್ಲಿ ಈ ಪಡೆ ಎರಡನೇ ಮಹಾಯುದ್ಧದ ಕಾಲದಲ್ಲಿ ಶುರುವಾಯಿತು. ಇದರ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಆದರೆ ಬಹಳ ವರ್ಷ ಇಲ್ಲಿ ಗಂಡಸರು ಮಾತ್ರ ಜವಾನರಾದರು.

ಸೈನ್ಯಕ್ಕೆ ಹೆಂಗಸರು ಹೊಸಬರೇನಲ್ಲ. 1888ರಲ್ಲೇ ದಾದಿಯರಾಗಿ ಬಂದರು. 1992ರಿಂದ ಬೇರೆ ವಿಭಾಗಗಳಲ್ಲೂ ಅಧಿಕಾರಿಗಳಾಗಿ ಸೇರತೊಡಗಿದರು. ಆದರೆ ಅಧಿಕಾರಿ ಆಗಲು ದೊಡ್ಡ ಓದು ಬೇಕು. ಹತ್ತನೇ ತರಗತಿ ಓದಿದ ಹಳ್ಳಿ ಹುಡುಗಿ ಏನು ಮಾಡಬೇಕು? ಅವಳಿಗೆ ಜವಾನಳಾಗುವ ದಾರಿ ಇರಲಿಲ್ಲ.

2019ರಲ್ಲಿ ಆ ದಾರಿ ತೆರೆಯಿತು. ಮಿಲಿಟರಿ ಪೊಲೀಸ್ ಪಡೆಗೆ ಹೆಣ್ಣುಮಕ್ಕಳನ್ನು ಸೇರಿಸಲು ಸರ್ಕಾರ ತೀರ್ಮಾನ ಮಾಡಿತು. ಯಾಕೆ? ತಪಾಸಣೆ ವೇಳೆ ಹೆಂಗಸರನ್ನು ಗಂಡಸು ಮುಟ್ಟಬಾರದು. ಹೆಂಗಸು ದೂರು ಕೊಟ್ಟರೆ ಕೇಳೋಕೂ ಹೆಂಗಸೇ ಬೇಕು.

ಪರೀಕ್ಷೆ ಸುಲಭ ಇರಲಿಲ್ಲ. ಒಂದು ಮೈಲಿಯನ್ನು 8 ನಿಮಿಷದ ಒಳಗೆ ಓಡಬೇಕು. 10 ಅಡಿ ಉದ್ದ, 3 ಅಡಿ ಎತ್ತರ ಜಿಗಿಯಬೇಕು. ಬೆಂಗಳೂರಿನಲ್ಲಿ 61 ವಾರ ತರಬೇತಿ ನಡೆಯಿತು. 2021ರ ಮೇ 8ರಂದು 83 ಹೆಣ್ಣುಮಕ್ಕಳು ತರಬೇತಿ ಮುಗಿಸಿ ಹೊರಬಂದರು. ಮಿಲಿಟರಿ ಪೊಲೀಸ್ ಪಡೆಯಲ್ಲಿ ಜವಾನರಾದ ಮೊದಲ ಹೆಂಗಸರು ಇವರೇ.

ಒಂದು ಮಾತು ಮುಚ್ಚಿಡಬಾರದು. 2022ರಲ್ಲಿ ಅಗ್ನಿಪಥ ಯೋಜನೆ ಬಂತು. ಅದರ ಪ್ರಕಾರ ಈ ಕೆಲಸ ನಾಲ್ಕು ವರ್ಷ. ಆಮೇಲೆ ನೂರಕ್ಕೆ 25 ಜನರವರೆಗೆ ಮಾತ್ರ ಉಳಿಸಿಕೊಳ್ಳುತ್ತೇವೆ ಅಂತ ಆಗ ಹೇಳಿದರು. ಆದ್ದರಿಂದ ಸೇರುವ ಮೊದಲು ಕಾಗದ ಪೂರ್ತಿ ಓದಬೇಕು.

ಇನ್ನೊಂದು ಮಾತು. 2019ರಲ್ಲಿ ಅರ್ಜಿ ಹಾಕಲು ಹತ್ತನೇ ತರಗತಿ ಪಾಸಾಗಿರಬೇಕಿತ್ತು. ಹದಿನೇಳೂವರೆ ವರ್ಷ ತುಂಬಿರಬೇಕಿತ್ತು. ಗಂಡನ ಮನೆ ಸೇರಿದ ಹುಡುಗಿಗೆ ಅವಕಾಶ ಇರಲಿಲ್ಲ. ಈಗ ಯೋಚನೆ ಮಾಡಿ. ಏಳನೇ ತರಗತಿಗೆ ಶಾಲೆ ಬಿಡಿಸಿದ ಹುಡುಗಿ ಎಷ್ಟು ಜೋರಾಗಿ ಓಡಿದರೆ ಏನು ಬಂತು? ಹದಿನಾರಕ್ಕೆ ಮದುವೆ ಮಾಡಿದರೆ ಯಾವ ಬಾಗಿಲು ತೆರೆದೀತು?

ನಿಮ್ಮ ಮಗಳು ಸೈನ್ಯಕ್ಕೇ ಹೋಗಬೇಕು ಅಂತ ನಾನು ಹೇಳಲ್ಲ. ನರ್ಸ್ ಆಗಲಿ, ಟೀಚರ್ ಆಗಲಿ, ಒಕ್ಕಲುತನ ಮಾಡಲಿ. ಅದು ಅವಳಿಷ್ಟ. ಆದರೆ ಹತ್ತನೇ ತರಗತಿ ಮುಗಿಸಲಿ. ಇವತ್ತು ರಾತ್ರಿ ಈ ಪಾಠವನ್ನು ಅವಳಿಗೆ ನೀವೇ ಓದಿ ಹೇಳಿ.