ವೇಷ ಕಟ್ಟುವ ಮುನ್ನ

(ಯಳಂದೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕಾಲೇಜ್ ಡೇಗೆ ವೇಷ ಕಟ್ಟಬೇಕು, ಏನು ಕಟ್ಟೋಣ ಅಂತ ನೀವು ನಾಲ್ಕು ಜನ ಬಂದು ಕೇಳಿದಿರಿ. ವೇದಿಕೆ ಬೇಡ, ಎಲ್ಲರೂ ಓಡಾಡುವ ಅಂಗಳದಲ್ಲೇ ಮಾಡಬೇಕು ಅಂದಿರಿ. ಒಳ್ಳೇದು. ಪಟ್ಟಣದ ಚಿತ್ರಕಲಾ ಶಾಲೆಗಳಲ್ಲಿ ಇದಕ್ಕೆ ಪರ್ಫಾರ್ಮೆನ್ಸ್ ಆರ್ಟ್ ಅಂತಾರೆ. ಅಲ್ಲಿ ಕಲಾವಿದನ ಮೈಯೇ ಚಿತ್ರ. ಹೆಸರು ಹೊಸದು. ಮೈಮೇಲೆ ಬೇಡದ ವೇಷ ಹೊತ್ತು ಬೀದಿಯಲ್ಲಿ ನಿಲ್ಲುವುದು ಮಾತ್ರ ನಮ್ಮ ಜನಕ್ಕೆ ಹೊಸದಲ್ಲ.

ನನ್ನದೇ ಒಂದು ಕಥೆ ಹೇಳ್ತೀನಿ. ನಾನು ಓದುತ್ತಿದ್ದ ಕಾಲೇಜಿನಲ್ಲಿ ಛದ್ಮವೇಷ ಸ್ಪರ್ಧೆ. ಒಬ್ಬ ಮುಖಕ್ಕೆ ಮಸಿ ಬಳಿದುಕೊಂಡು, ಹರಕು ಸೀರೆ ಸುತ್ತಿಕೊಂಡು, ಪೊರಕೆ ಹಿಡಿದು ಬಂದ. ಕಸ ಗುಡಿಸುವ ಹೆಂಗಸಿನ ವೇಷ. ಹಾಲ್ ಪೂರ್ತಿ ಬಿದ್ದು ಬಿದ್ದು ನಕ್ಕಿತು. ಅವನಿಗೇ ಮೊದಲ ಬಹುಮಾನ. ಆ ಹಾಲನ್ನು ಬೆಳಿಗ್ಗೆ ಗುಡಿಸಿದ್ದವಳು ನಮ್ಮವ್ವ. ಬಾಗಿಲ ಮರೆಯಲ್ಲಿ ನಿಂತು ನೋಡ್ತಿದ್ದಳು. ಪಕ್ಕದವರು ನಗ್ತಾರೆ ಅಂತ ನಾನೂ ನಕ್ಕುಬಿಟ್ಟಿದ್ದೆ ಕಣ್ರಪ್ಪ. ಸಂಜೆ ಮನೇಲಿ ಅವ್ವ ಅಂದದ್ದು ಒಂದೇ ಮಾತು: “ಆ ಹೈದ ಪೊರಕ ಹಿಡಿದದ್ದೇ ಸರಿಯಿಲ್ಲ ಕನಪ್ಪ, ಹಂಗ ಹಿಡುದ್ರ ಕಸ ಬರಲ್ಲ.”

ಅವನು ಮುಖ ತೊಳೆದುಕೊಂಡು ಮನೆಗೆ ಹೋದ. ಅವ್ವ ಮಾರನೇ ದಿನ ಮತ್ತೆ ಪೊರಕೆ ಹಿಡಿದಳು. ವೇಷಕ್ಕೂ ಜಾತಿಗೂ ಇರುವ ವ್ಯತ್ಯಾಸ ಇಷ್ಟೇ. ವೇಷವನ್ನು ಕಳಚಬಹುದು.

ಇದು ಹಳೇ ಕಥೆ ಅಂದುಕೋಬೇಡಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ಉತ್ಸವದಲ್ಲಿ ವಿದ್ಯಾರ್ಥಿಗಳು ಆಡಿದ ಪ್ರಹಸನದಲ್ಲಿ ಬಾಬಾಸಾಹೇಬರ ಹೆಸರನ್ನೂ ಮೀಸಲಾತಿಯನ್ನೂ ನಗೆಗೆ ಬಳಸಿದರು. ಪ್ರತಿಭಟನೆಯಾಯಿತು, ಕೇಸಾಯಿತು. ಕೋರ್ಟು ಕಾನೂನು ಒಂದು ಕಡೆ ಇರಲಿ. ಸಭೆ ಯಾರನ್ನು ಕಂಡು ನಗಬೇಕು ಅನ್ನುವುದು ವೇಷ ಕಟ್ಟುವವನ ಕೈಯಲ್ಲಿದೆ ಅಂತ ಮೊದಲು ತಿಳಿಯಿರಿ.

ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಪೇಶ್ವೆಗಳ ಪೂನಾದ ಬಗ್ಗೆ ಬರೆದಿದ್ದಾರೆ. ಅಸ್ಪೃಶ್ಯ ಸೊಂಟಕ್ಕೆ ಪೊರಕೆ ಕಟ್ಟಿಕೊಂಡು, ತಾನು ತುಳಿದ ಮಣ್ಣನ್ನು ತಾನೇ ಗುಡಿಸುತ್ತಾ ಹೋಗಬೇಕಿತ್ತು. ಉಗುಳು ನೆಲಕ್ಕೆ ಬೀಳದ ಹಾಗೆ ಕೊರಳಿಗೆ ಮಣ್ಣಿನ ಕುಡಿಕೆ ನೇತುಹಾಕಿಕೊಳ್ಳಬೇಕಿತ್ತು. ಇದು ನಮಗೆ ಅವರು ತೊಡಿಸಿದ ವೇಷ.

ಇನ್ನೊಂದು ವೇಷ ನಮ್ಮ ಸೀಮೆಯದೇ. ಚಿಕ್ಕಲ್ಲೂರು ಜಾತ್ರೆಗೆ ಹೋದವರು, ನೀಲಗಾರರು ತಂಬೂರಿ ಹಿಡಿದು ಹಾಡುವುದನ್ನು ಕೇಳಿದವರು ನಿಮ್ಮಲ್ಲಿ ಎಷ್ಟು ಜನ ಇಲ್ಲ? ಧರೆಗೆ ದೊಡ್ಡವರು, ನಮ್ಮ ಮಂಟೇಸ್ವಾಮಿ, ಕಲ್ಯಾಣಕ್ಕೆ ಹೋದದ್ದು ಹೇಗೆ? ಹೊಲಸು ಮೈ ಮಾಡಿಕೊಂಡು, ಹೆಂಡದ ಗಡಿಗೆ ಹೊತ್ತುಕೊಂಡು. ಕುಲವಿಲ್ಲ ಅಂತ ಹೇಳ್ತಿದ್ದ ಶರಣರೇ ಬಾಗಿಲಲ್ಲಿ ಮೂಗು ಮುಚ್ಚಿದರು, ತಡೆದರು. ವೇಷ ಕಟ್ಟಿದ್ದು ಮಂಟೇಸ್ವಾಮಿ, ಬಯಲಾದದ್ದು ಕಲ್ಯಾಣ. ನಗೆ ತರಿಸೋದಲ್ಲ, ಅಯ್ಯೋ ಪಾಪ ಅನ್ನಿಸೋದೂ ಅಲ್ಲ. ನೋಡುವವನು ತನ್ನನ್ನೇ ನೋಡಿಕೊಳ್ಳುವ ಹಾಗೆ ಮಾಡೋದು. ನೀವು ಹಿಡಿಯಬೇಕಾದ ದಾರಿ ಇದು.

ಹೇಗೆ ಮಾಡೋದು? ಒಬ್ಬ ಸೊಂಟಕ್ಕೆ ಪೊರಕೆ, ಕೊರಳಿಗೆ ಕುಡಿಕೆ ಕಟ್ಟಿಕೊಂಡು ಕಾಲೇಜಿನ ಬಾಗಿಲಲ್ಲಿ ಒಂದು ಗಂಟೆ ಸುಮ್ಮನೆ ನಿಲ್ಲಲಿ. ಪಕ್ಕದಲ್ಲಿ ಒಂದು ರಟ್ಟು; ಅದರಲ್ಲಿ ‘ಪೇಶ್ವೆ ಕಾಲದ ಪೂನಾ’ ಅಂತ ಇದ್ದರೆ ಸಾಕು. ಗಂಟೆ ಹೊಡೆದ ಮೇಲೆ ಎಲ್ಲರ ಎದುರಿಗೇ ಪೊರಕೆ ಬಿಚ್ಚಲಿ, ಕುಡಿಕೆ ಬಿಚ್ಚಲಿ. ಈ ಕಳಚುವ ಹೊತ್ತೇ ಮುಖ್ಯ, ಅವಸರ ಮಾಡಬೇಡಿ. ಕುಡಿಕೆ ಹೊಸದಾಗಿರಲಿ. ಎಲ್ಲರೂ ನೋಡುವ ಹಾಗೆ ತೊಳೆದು, ಕಾಲೇಜಿನ ನಲ್ಲಿಯಲ್ಲೇ ನೀರು ಹಿಡಿದು, ತಾನೊಂದು ಲೋಟ ಕುಡಿದು, ಎದುರು ನಿಂತವನಿಗೆ ಒಂದು ಲೋಟ ನೀಡಲಿ. ಮಾತು ಬೇಡ.

ನೀರು ಯಾಕೆ ಅಂತೀರಾ? 1927ರ ಮಾರ್ಚ್ 20ರಂದು ಮಹಾಡದ ಚೌಡಾರ್ ಕೆರೆಯಲ್ಲಿ ಬಾಬಾಸಾಹೇಬರು ಮಾಡಿದ್ದೂ ಒಂದು ಬೊಗಸೆ ನೀರಿನ ಕೆಲಸವೇ. ಅದಾಗಿ 95 ವರ್ಷಕ್ಕೆ, 2022ರ ನವೆಂಬರಿನಲ್ಲಿ, ನಮ್ಮ ಪಕ್ಕದ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳು ಮೇಲ್ಜಾತಿ ಬೀದಿಯ ತೊಂಬೆಯಲ್ಲಿ ನೀರು ಕುಡಿದಳು. ತೊಂಬೆ ಖಾಲಿ ಮಾಡಿಸಿ ಗಂಜಲ ಹಾಕಿ ತೊಳೆದರು. ಆಮೇಲೆ ಅಧಿಕಾರಿಗಳು ಬಂದು ನಮ್ಮ ಜನಕ್ಕೆ ಅಲ್ಲಿನ ತೊಂಬೆಗಳಲ್ಲಿ ನೀರು ಕುಡಿಸಿದರು. ಅಧಿಕಾರಿ ಹೋದ ಮಾರನೇ ದಿನದ ನೀರು ನಮ್ಮ ನಿಮ್ಮ ಕೈಯಲ್ಲಿದೆ.

ಕಡೆಗೆ ನಾಲ್ಕು ಬುದ್ಧಿಮಾತು. ಪ್ರಿನ್ಸಿಪಾಲರಿಗೆ ಮೊದಲೇ ಬರೆದುಕೊಟ್ಟು ಅನುಮತಿ ಪಡೀರಿ. ಸಾಧು ಹುಡುಗ ಸಿಕ್ಕ ಅಂತ ಅವನ ಕೊರಳಿಗೆ ಕುಡಿಕೆ ಕಟ್ಟಬೇಡಿ. ತಾನಾಗಿ ಒಪ್ಪಿದವನೇ ನಿಲ್ಲಲಿ. ಬೇರೆ ಜಾತಿಯ ಗೆಳೆಯ ನಾನೂ ನಿಲ್ತೀನಿ ಅಂದರೆ ಖಂಡಿತ ನಿಲ್ಲಿಸಿ, ಆ ಭಾರ ಅವನಿಗೂ ಗೊತ್ತಾಗಲಿ. ಯಾರಾದರೂ ರೇಗಿಸಿದರೆ ಕೈ ಎತ್ತಬೇಡಿ. ನಾಲ್ಕು ಜನ ಸುತ್ತ ಇರಿ. ಮತ್ತೆ, ನೀರು ಕುಡಿಯದೆ ಹೋದವನ ಫೋಟೋ ತೆಗೆದು ಮೊಬೈಲಿಗೆ ಹಾಕಬೇಡಿ. ಅವನಿಗೆ ಬಾಯಾರಿಕೆ ಇಲ್ಲದೇ ಇರಬಹುದು. ಯಾಕೆ ಕುಡೀಲಿಲ್ಲ ಅಂತ ಅವನಿಗೆ ಗೊತ್ತಿರುತ್ತೆ. ರಾತ್ರಿ ಅವನಿಗೆ ಅದು ನೆನಪಾದರೆ ನಿಮ್ಮ ಕೆಲಸ ಆಯಿತು.

ಇನ್ನೊಂದು. ಎಲ್ಲ ಮುಗಿದ ಮೇಲೆ ಮೊದಲ ಲೋಟ ನೀರನ್ನು ಕಾಲೇಜು ಗುಡಿಸುವ ತಾಯಿಗೆ ಕೊಡಿ. ಅವರ ಪಕ್ಕ ಕೂತು ನೀವೂ ಕುಡೀರಿ. ಅವತ್ತು ನಕ್ಕ ನನ್ನ ತಪ್ಪನ್ನು ನಿಮ್ಮ ಕೈಲಿ ತಿದ್ದಿಸಿಕೊಳ್ತಾ ಇದ್ದೀನಿ ಅಂದುಕೊಳ್ಳಿ.

ಜೈ ಭೀಮ್.