ಎಲ್ಲಿಗೆ ಎಂದು ಕೇಳದ ಮೂರು ಗಂಟೆ

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಆಡಿದ ಮಾತುಗಳು)



ಮಹಿಳಾ ವಿಭಾಗದ ಅಕ್ಕ ಫೋನ್ ಮಾಡಿ, "ನೀನು ಕಾಳಾ ಘೋಡಾದಲ್ಲಿ ನಾಟಕ ಮಾಡಿದ್ದೀಯಂತೆ, ಅದರ ಬಗ್ಗೆ ಹತ್ತು ನಿಮಿಷ ಮಾತಾಡು" ಎಂದರು. ಒಪ್ಪಿಕೊಂಡೆ. ಬರೆಯಲು ಕುಳಿತಾಗ ನಾಟಕಕ್ಕಿಂತ ಹೆಚ್ಚಾಗಿ ನೆನಪಾದದ್ದು ಎರಡು ಪ್ರದರ್ಶನಗಳ ನಡುವೆ ಸಿಕ್ಕ ಮೂರು ಗಂಟೆ. ಅದನ್ನೇ ಹೇಳುತ್ತೇನೆ.

ನಾನು ದಿವಾದವಳು. ಡೊಂಬಿವಲಿ, ಕಲ್ಯಾಣದಿಂದ ಬಂದ ನಿಮಗೆ ದಿವಾ ಎಂದರೆ ಏನೆಂದು ವಿವರಿಸಬೇಕಿಲ್ಲ. ಬೆಳಿಗ್ಗೆ ಲೇಡೀಸ್ ಡಬ್ಬಾದ ಬಾಗಿಲ ಕಂಬಿ ಕೈಗೆ ಸಿಕ್ಕರೆ ಅರ್ಧ ದಿನ ಗೆದ್ದಂತೆ. ಊರಿಗೆ ಹೋಗುವ ಮತ್ಸ್ಯಗಂಧ ದಿವಾದ ಮೇಲೆಯೇ ಪನ್ವೇಲಿಗೆ ಹೋಗುತ್ತದೆ, ನಮಗಾಗಿ ನಿಲ್ಲುವುದಿಲ್ಲ. ಠಾಣೆಯಲ್ಲಿ ಇಳಿದು, ಟ್ರಾನ್ಸ್ ಹಾರ್ಬರ್ ಹಿಡಿದು ಐರೋಲಿಯ ಆಫೀಸು. ಸಂಜೆ ಅದೇ ದಾರಿಯಲ್ಲಿ ವಾಪಸು. ಎಂ.ಟೆಕ್. ಓದುವಾಗ ಅತಿ ಹತ್ತಿರದ ದಾರಿ ಹುಡುಕುವ ಆಲ್ಗಾರಿದಮ್ ಕಲಿತಿದ್ದೆ. ಮದುವೆಯಾದ ಮೇಲೆ ಅದನ್ನೇ ಬದುಕುತ್ತಿದ್ದೇನೆ. ಹಾಲು, ತರಕಾರಿ, ಮಗಳ ಟ್ಯೂಷನ್, ಎಲ್ಲ ಒಂದೇ ಸುತ್ತಿನಲ್ಲಿ ಮುಗಿಯಬೇಕು.

ಕೆಲವು ವರ್ಷಗಳ ಹಿಂದೆ ಆಫೀಸಿನ ಏಳು ಗೆಳತಿಯರು ಸೇರಿ ಇಪ್ಪತ್ತು ನಿಮಿಷದ ಒಂದು ಬೀದಿ ನಾಟಕ ಮಾಡಿದೆವು. ಹಿಂದಿಯಲ್ಲಿ, ಲೇಡೀಸ್ ಡಬ್ಬಾದ ಕಥೆ. ಫೆಬ್ರವರಿಯಲ್ಲಿ ಕಾಳಾ ಘೋಡಾ ಕಲಾ ಉತ್ಸವದಲ್ಲಿ ಆಡಲು ಅವಕಾಶ ಸಿಕ್ಕಿತು. 1999ರಲ್ಲಿ ಶುರುವಾದ ಈ ಉತ್ಸವ ಒಂಬತ್ತು ದಿನ ನಡೆಯುತ್ತದೆ. ರ‍್ಯಾಂಪಾರ್ಟ್ ರೋನಲ್ಲಿ ವಾಹನ ನಿಲ್ಲಿಸಿ, ರಸ್ತೆಯನ್ನೇ ಜನರಿಗೆ ಬಿಟ್ಟುಕೊಡುತ್ತಾರೆ.

ನಾಲ್ಕಕ್ಕೆ ಮೊದಲ ಪ್ರದರ್ಶನ, ಏಳೂವರೆಗೆ ಎರಡನೆಯದು. ಗೆಳತಿಯರು ಸ್ಟಾಲುಗಳ ಕಡೆ ಹೊರಟರು. ನಾಟಕದ ರೈಲಿನ ಸದ್ದು ನನ್ನ ಫೋನಿನಲ್ಲಿತ್ತು, ಸೌಂಡ್ ನೋಡಿಕೊಳ್ಳುವ ಹುಡುಗ ಅದನ್ನು ಸ್ಪೀಕರಿಗೆ ಜೋಡಿಸಿಕೊಂಡು ಕುಳಿತಿದ್ದ. ಪಾತ್ರಕ್ಕೆ ಬೇಡವೆಂದು ವಾಚು ಕಟ್ಟಿರಲಿಲ್ಲ. ಕೈಯಲ್ಲಿ ಸಣ್ಣ ಪರ್ಸು ಮಾತ್ರ.

ನಡೆಯತೊಡಗಿದೆ. ಸ್ವಲ್ಪ ಹೊತ್ತಿನಲ್ಲೇ ಫ್ಲೋರಾ ಫೌಂಟನ್ ಹತ್ತಿರ ಇದ್ದೆ! ಕಾಲು ತಾನಾಗಿ ಸ್ಟೇಷನ್ ಕಡೆ ಹೊರಟಿತ್ತು. ಪರ್ಸನ್ನು ಎದೆಗೆ ಅವುಚಿಕೊಂಡು, ಯಾರನ್ನೂ ನೋಡದೆ, ತಡವಾದವಳಂತೆ ಓಡುತ್ತಿದ್ದೆ. ಎಲ್ಲಿಗೂ ಹೋಗಬೇಕಿರಲಿಲ್ಲ, ಆದರೂ ಕೆಲಸವಿರುವಂತೆ ನಟಿಸುತ್ತಿದ್ದೆ. ಆ ದಿನದ ನನ್ನ ಅತ್ಯುತ್ತಮ ಅಭಿನಯ ಅದೇ ಇರಬೇಕು.

ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಎಂಬ ಮೂವರು 2011ರಲ್ಲಿ 'ವೈ ಲಾಯ್ಟರ್?' ಎಂಬ ಪುಸ್ತಕ ತಂದಿದ್ದಾರೆ. ಮುಂಬೈಯಲ್ಲಿ ಹೆಣ್ಣು ಹೊರಗೆ ಇರಬೇಕಾದರೆ ಒಂದು ಕಾರಣ ತೋರಿಸುತ್ತಲೇ ಇರಬೇಕು, ಸುಮ್ಮನೆ ನಿಲ್ಲುವ ಹಕ್ಕು ಅವಳಿಗಿಲ್ಲ ಎಂಬುದು ಅವರ ವಾದ. ನಾನು ಅದನ್ನು ಓದಿದ್ದು ಆಮೇಲೆ. ಕಾಲಿಗೆ ಅರ್ಥವಾದದ್ದು ಅವತ್ತು.

ನಿಂತೆ. ಆಮೇಲೆ ಯಾವ ಗಲ್ಲಿ ಚೆಂದ ಕಂಡಿತೋ ಅದಕ್ಕೆ ತಿರುಗಿದೆ. ಫೋರ್ಟಿನ ಒಂದು ಗಲ್ಲಿಯಲ್ಲಿ ಸಣ್ಣ ಉಡುಪಿ ಹೋಟೆಲು. ಕಾಫಿ ಹೇಳಿ ಕುಳಿತೆ. ಮುಗಿದ ಮೇಲೂ ಏಳಲಿಲ್ಲ. ಗಲ್ಲೆಯಲ್ಲಿದ್ದ ಹಿರಿಯರು ನನ್ನ ಮಾತಿನ ಧಾಟಿ ಹಿಡಿದು ಕನ್ನಡದಲ್ಲೇ ಕೇಳಿದರು, "ಯಾರಿಗಾದರೂ ಕಾಯ್ತಾ ಇದ್ದೀರಾ ಅಮ್ಮಾ?"

"ಇಲ್ಲ, ಸುಮ್ಮನೆ."

ಅವರು ನಕ್ಕರು. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಹಗಲು ಕಪ್ಪು ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡ ಓದಿದವರಂತೆ. ರಜೆಯ ದಿನ ಕಾಸಿಲ್ಲದ ಹುಡುಗರೆಲ್ಲ ಸೇರಿ ಇದೇ ಬೀದಿಗಳಲ್ಲಿ ಅಲೆಯುತ್ತಿದ್ದರಂತೆ. "ಮುಂಬೈ ಕಲಿತದ್ದೇ ಹಾಗೆ" ಎಂದರು. ನಾನು ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಕಲಿತದ್ದು ಟೈಮ್ ಟೇಬಲ್ ಮಾತ್ರ.

ಅಲ್ಲಿಂದ ಹಾರ್ನಿಮನ್ ಸರ್ಕಲ್ಲಿನ ತೋಟಕ್ಕೆ ಹೋಗಿ ಕುಳಿತೆ. ವಾಪಸು ಬರುವಾಗ ಟೈಮು ನೋಡಲು ತಲೆಯೆತ್ತಿದರೆ ರಾಜಾಬಾಯಿ ಗಡಿಯಾರ ಗೋಪುರ. 1878ರಲ್ಲಿ ಮುಗಿದದ್ದು. ಹಣ ಕೊಟ್ಟ ಪ್ರೇಮಚಂದ್ ರಾಯಚಂದ್ ಅದಕ್ಕೆ ತಾಯಿಯ ಹೆಸರಿಟ್ಟರು. ಕಣ್ಣು ಕಾಣದ ಆ ಜೈನ ತಾಯಿಗೆ ಸೂರ್ಯಾಸ್ತದ ಮೊದಲು ಊಟ ಮಾಡಲು ಗಂಟೆಯ ಸದ್ದು ನೆರವಾಗಲೆಂದು ಹಾಗೆ ಮಾಡಿದರು ಎಂದು ಹೇಳುತ್ತಾರೆ. ನಮ್ಮ ಗಡಿಯಾರ ಮಾತ್ರ ಬೇರೆಯವರ ಊಟದ ಹೊತ್ತನ್ನೇ ತೋರಿಸುತ್ತದೆ, ಅಲ್ಲವೇ?

ಕಾಳಾ ಘೋಡಾದ ಕುದುರೆಯ ಕಥೆಯೂ ಸ್ವಾರಸ್ಯದ್ದು. ಹೆಸರಿಗೆ ಕಾರಣವಾದದ್ದು ಏಳನೆಯ ಎಡ್ವರ್ಡ್ ಕುಳಿತಿದ್ದ ಕುದುರೆ. 1965ರಲ್ಲಿ ಅದನ್ನು ಅಲ್ಲಿಂದ ತೆಗೆದರು, ಈಗ ಭಾಯಖಳಾದಲ್ಲಿದೆ. 2017ರಲ್ಲಿ ಹೊಸ ಕುದುರೆ ನಿಲ್ಲಿಸಿದರು. ಅದರ ಮೇಲೆ ಸವಾರನಿಲ್ಲ. ನನಗೆ ಇದೇ ಇಷ್ಟ.

ಎರಡನೆಯ ಪ್ರದರ್ಶನಕ್ಕೆ ಐದು ನಿಮಿಷವಿದ್ದಾಗ ಓಡಿ ಬಂದು ಸೇರಿಕೊಂಡೆ. ನಾಟಕದ ಕೊನೆಗೆ, ಒಂದು ದಿನ ಬಿಡುವು ಸಿಕ್ಕರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ ಬರುತ್ತದೆ. ನನ್ನ ಉತ್ತರ "ನಿದ್ದೆ ಮಾಡ್ತೀನಿ" ಎಂದಿತ್ತು. ಅವತ್ತು ಬಾಯಿಗೆ ಬಂದದ್ದು "ಸುತ್ತಾಡ್ತೀನಿ". ಜನ ನಗಲಿಲ್ಲ. ಹಿಂದೆ ನಿಂತಿದ್ದ ಇಬ್ಬರು ಹೆಂಗಸರು ಮಾತ್ರ ಚಪ್ಪಾಳೆ ತಟ್ಟಿದರು.

ಫೋನ್ ಕೈಗೆ ಬಂದಾಗ ಮನೆಯಿಂದ ಹನ್ನೊಂದು ಮಿಸ್ಡ್ ಕಾಲ್. ಎದೆ ಧಸಕ್ಕೆಂದಿತು. ಕುಕ್ಕರಿನ ಗ್ಯಾಸ್ಕೆಟ್ ಎಲ್ಲಿದೆ ಎಂದು ಕೇಳಲು ಮಾಡಿದ್ದರು. ಅತ್ತೆ ಕೇಳಿದರು, "ಎಲ್ಲಿದ್ದೆ ಇಷ್ಟು ಹೊತ್ತು?" ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡು, "ಸುಮ್ಮನೆ ತಿರುಗಾಡ್ತಾ ಇದ್ದೆ ಅತ್ತೆ" ಎಂದೆ.

ಆ ಕಡೆ ಮೌನ. ಬೈಗುಳಕ್ಕೆ ಸಿದ್ಧಳಾದೆ. "ನಾನು ಮುಂಬೈಗೆ ಬಂದು ಮೂವತ್ತೆಂಟು ವರ್ಷ. ಆಸ್ಪತ್ರೆ, ಮದುವೆ, ದೇವಸ್ಥಾನ ಬಿಟ್ಟು ಎಲ್ಲೂ ಇಳಿದಿಲ್ಲ. ಮುಂದಿನ ಸಲ ನನ್ನನ್ನೂ ಕರ್ಕೊಂಡು ಹೋಗು" ಎಂದರು.

ಮುಂದಿನ ಭಾನುವಾರವೇ ಹೋದೆವು. ಮೊದಲ ಒಂದು ಗಂಟೆ ಅತ್ತೆ ಹೆಜ್ಜೆಗೊಮ್ಮೆ "ಈಗ ಎಲ್ಲಿಗೆ?" ಎನ್ನುತ್ತಿದ್ದರು. "ಗೊತ್ತಿಲ್ಲ ಅತ್ತೆ." ಏಷ್ಯಾಟಿಕ್ ಸೊಸೈಟಿಯ ಮೆಟ್ಟಿಲ ಮೇಲೆ ಕುಳಿತು ಕಡಲೆಕಾಯಿ ತಿಂದ ಮೇಲೆ ಕೇಳುವುದನ್ನು ಬಿಟ್ಟರು.

ಇದನ್ನು ದೊಡ್ಡ ಸಾಧನೆ ಎನ್ನುತ್ತಿಲ್ಲ. ಉತ್ಸವದ ಜನರ ನಡುವೆ, ಬೆಳಕಿದ್ದಾಗ ಸುತ್ತಿದೆ. ರಾತ್ರಿ ಹತ್ತಕ್ಕೆ ದಿವಾ ಸ್ಟೇಷನ್ನಿನ ಹೊರಗೆ ಹಾಗೆ ಸುಮ್ಮನೆ ನಿಲ್ಲುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಕ್ಕ ಮಹಾದೇವಿ ಒಬ್ಬಳೇ ಕಲ್ಯಾಣಕ್ಕೆ ನಡೆದು ಬಂದಳು. ನಮ್ಮ ಈ ಕಲ್ಯಾಣದಲ್ಲಿ ಒಂದು ಸಂಜೆ ಕಾರಣ ಹೇಳದೆ ನಡೆಯುವುದು ನಮಗೆ ಕಷ್ಟ.

ಅದಕ್ಕೇ ಒಂದು ವಿನಂತಿ. ಪ್ರತಿ ವರ್ಷ ನಾವು ಪಿಕ್ನಿಕ್ಕಿಗೆ ಹೋಗುತ್ತೇವೆ, ನಿಮಿಷ ನಿಮಿಷದ ಪಟ್ಟಿಯೊಂದಿಗೆ. ಈ ಸಲ ಸಿಎಸ್‌ಎಂಟಿಯಲ್ಲಿ ಇಳಿದು, ಪಟ್ಟಿಯನ್ನು ಬ್ಯಾಗಿನಲ್ಲೇ ಬಿಟ್ಟು, ಮೂರು ಗಂಟೆ ಸುಮ್ಮನೆ ನಡೆಯೋಣ. ನಿಮ್ಮ ಅತ್ತೆಯನ್ನೋ ಅಮ್ಮನನ್ನೋ ಕರೆತನ್ನಿ. ನನ್ನ ಅತ್ತೆ ಈಗಾಗಲೇ ಹೆಸರು ಕೊಟ್ಟಿದ್ದಾರೆ.